ಹೊಲಿಗೆಯಕ್ಕನಿಗೂ ನಮ್ಮ ಯೋಗಶಾಲೆಯ ಎಲ್ಲರಿಗೂ

ಕಳೆದ ವಾರ ವೈದ್ಯರು ನನ್ನ ಕಡತ ಮುಚ್ಚಿಟ್ಟು, ಇನ್ನು ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋದರೆ ಸಾಕು ಎಂದರು. ಮೊದಲು ಮನೆಗೆ ತಿಳಿಸಿದೆ, ಆಮೇಲೆ ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ. ನೀವು ಕಳಿಸಿದ ಹಾರೈಕೆಗಳಿಗೆಲ್ಲ ಕೈಮುಗಿದ ಚಿತ್ರವೊಂದನ್ನು ಹಾಕಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಏನಾಗಿತ್ತು, ಯಾವಾಗ ಗೊತ್ತಾಯಿತು, ಏನೇನು ಚಿಕಿತ್ಸೆ ನಡೆಯಿತು ಎಂಬುದೆಲ್ಲ ನಿಮಗೆ ತಿಳಿದಿರುವುದೇ. ಅದನ್ನು ಮತ್ತೆ ಹೇಳುವುದಿಲ್ಲ. ಸ್ತನ ಕ್ಯಾನ್ಸರಿನಿಂದ ದೇಹದ ಒಂದು ಭಾಗ ಹೋಗಿದೆ, ನಾನು ಉಳಿದಿದ್ದೇನೆ. ಉಳಿಯುವ ಹೊತ್ತಿನಲ್ಲಿ ಯಾರು ಯಾರು ಜೊತೆಗಿದ್ದರು ಎಂಬುದನ್ನು ಬರೆದಿಡಬೇಕು.

ಮೈಸೂರಿನ ಯೋಗವೆಂದರೆ ಹೊರಗಿನವರಿಗೆ ಗೋಕುಲಂ ನೆನಪಾಗುತ್ತದೆ, ದೂರದೇಶಗಳಿಂದ ಬಂದು ತಿಂಗಳುಗಟ್ಟಲೆ ಇದ್ದು ಕಲಿಯುವವರು ನೆನಪಾಗುತ್ತಾರೆ. ಊರಿನ ಹಿರಿಯರಿಗಾದರೆ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ನಡೆಸುತ್ತಿದ್ದ ಯೋಗಶಾಲೆ, ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನಲ್ಲಿ ಆರಂಭಿಸಿದ ಸಂಸ್ಥೆ. ನಮ್ಮದು ಅಂಥ ಹೆಸರಿನ ಜಾಗವಲ್ಲ. ಕುವೆಂಪುನಗರದ ಅಡ್ಡರಸ್ತೆಯೊಂದರಲ್ಲಿ ಕೆಳಗೆ ದಿನಸಿ ಅಂಗಡಿ, ಮೇಲೆ ಒಂದು ಉದ್ದನೆಯ ಕೋಣೆ. ಮೂಲೆಯಲ್ಲಿ ಮಡಿಸಿಟ್ಟ ಕಬ್ಬಿಣದ ಕುರ್ಚಿಗಳು, ಮರದ ಇಟ್ಟಿಗೆಗಳು, ಸುತ್ತಿಟ್ಟ ಜಮಖಾನಗಳು. ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆಯುತ್ತದೆ. ಹಾಲಿನ ಬೂತ್ ನಡೆಸುವವರು, ಆಟೋ ಓಡಿಸುವವರು, ಬ್ಯಾಂಕಿನಿಂದ ನಿವೃತ್ತರಾದವರು, ಕಾಲೇಜಿನ ಹುಡುಗ ಹುಡುಗಿಯರು, ಎಲ್ಲರೂ ಚಪ್ಪಲಿ ಬಿಟ್ಟು ಒಂದೇ ನೆಲದ ಮೇಲೆ ನಿಲ್ಲುತ್ತಾರೆ. ತಿಂಗಳ ಕೊನೆಯ ಭಾನುವಾರ ತರಗತಿಯ ಬದಲು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ. ಈಚೆಗೆ ನಾನು ನಂದಿಯವರೆಗೆ ಮಾತ್ರ ಹತ್ತುತ್ತಿದ್ದೇನೆ, ಒಬ್ಬರಾದರೂ ನನ್ನ ಜೊತೆ ಅಲ್ಲಿಯೇ ಕೂತು, ಉಳಿದವರು ಇಳಿದು ಬರುವವರೆಗೆ ಮಾತಾಡುತ್ತಾರೆ.

ಸುದ್ದಿ ಹರಡಿದ ಮೇಲೆ ನೆಂಟರಲ್ಲಿ, ಬೀದಿಯಲ್ಲಿ, ಕೆಲಸದ ಜಾಗದಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಯಿತು: “ಇಷ್ಟು ವರ್ಷ ಯೋಗ ಮಾಡಿದವರಿಗೂ ಇದು ಬರುತ್ತದೆಯೇ?” ಕೇಳಿದವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲ. ಆದರೂ ಆ ಮಾತು ಕಿವಿಗೆ ಬಿದ್ದಾಗಲೆಲ್ಲ, ಅಷ್ಟು ವರ್ಷ ಬೆಳಗಿನ ಜಾವ ಎದ್ದು ಹೋದದ್ದೆಲ್ಲ ಸುಳ್ಳಾಯಿತೇನೋ ಎಂದು ಕುಗ್ಗುತ್ತಿದ್ದೆ. ಗುರುಗಳ ಹತ್ತಿರ ಹೇಳಿಕೊಂಡೆ. ತರಗತಿಗೆ ಮುಂಚೆ ನಾವು ದಿನವೂ ಹೇಳುವ ಪತಂಜಲಿಯ ಶ್ಲೋಕವನ್ನೇ ಅವರು ನಿಧಾನವಾಗಿ ನನ್ನಿಂದ ಇನ್ನೊಮ್ಮೆ ಹೇಳಿಸಿದರು. “ಯೋಗೇನ ಚಿತ್ತಸ್ಯ ಪದೇನ ವಾಚಾಂ ಮಲಂ ಶರೀರಸ್ಯ ಚ ವೈದ್ಯಕೇನ.” ಮನಸ್ಸಿನ ಕೊಳೆ ಕಳೆಯಲು ಯೋಗ, ಮಾತಿನ ಕೊಳೆಗೆ ವ್ಯಾಕರಣ, ಶರೀರದ ಕೊಳೆಗೆ ವೈದ್ಯ. “ವೈದ್ಯಕ್ಕೆ ಅದರ ಜಾಗವನ್ನು ಶ್ಲೋಕದಲ್ಲೇ ಕೊಟ್ಟಿದ್ದಾರಲ್ಲ ತಾಯಿ, ಮೊದಲು ಆಸ್ಪತ್ರೆಗೆ ಹೋಗಿ. ನಿಮ್ಮ ಜಮಖಾನ ಇಲ್ಲೇ ಇರುತ್ತದೆ” ಎಂದರು. ವರ್ಷಗಟ್ಟಲೆ ಬಾಯಿಪಾಠ ಒಪ್ಪಿಸಿದ್ದ ಸಾಲು ಆ ದಿನ ನನ್ನನ್ನು ಹಿಡಿದು ನಿಲ್ಲಿಸಿತು. ಯಾವ ಎಲೆಯ ರಸ ಕುಡಿಯಬೇಕು, ಯಾವ ಊರಿನ ನಾಟಿ ಔಷಧ ತರಬೇಕು ಎಂದು ನಮ್ಮ ಶಾಲೆಯಲ್ಲಿ ಒಬ್ಬರೂ ಹೇಳಲಿಲ್ಲ. ಆ ಸಂಯಮಕ್ಕೆ ನನ್ನ ಮೊದಲ ನಮಸ್ಕಾರ.

ಆಸ್ಪತ್ರೆಗೆ ಕರೆದೊಯ್ದು ಕರೆತಂದ ಆಟೋ ಅಣ್ಣ, ರಕ್ತ ಕೊಟ್ಟ ಕಾಲೇಜಿನ ಮಕ್ಕಳು, ವಾರಗಟ್ಟಲೆ ಮನೆಗೆ ಅಡುಗೆ ಮುಟ್ಟಿಸಿದ ಹಿಂದಿನ ಸಾಲಿನವರು, ಮಗಳ ಪಿಯುಸಿ ಗಣಿತಕ್ಕೆ ಜೊತೆ ಕೂತ ಮೇಷ್ಟ್ರು, ವಿಮೆಯ ಕಾಗದಗಳನ್ನು ತುಂಬಿಸಿಕೊಟ್ಟ ಬ್ಯಾಂಕಿನ ಹಿರಿಯರು, ನನ್ನ ಸುದ್ದಿ ಕೇಳಿದ ಮೇಲೆ ಸಂಕೋಚ ಬಿಟ್ಟು ಒಟ್ಟಾಗಿ ಹೋಗಿ ತಪಾಸಣೆ ಮಾಡಿಸಿಕೊಂಡು ಬಂದ ಹೆಣ್ಣುಮಕ್ಕಳು, ನಿಮಗೆಲ್ಲ ನಾನು ಋಣಿ.

ಹೊಲಿಗೆಯಕ್ಕನ ವಿಷಯ ಹೀಗೆ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಶಾಲೆಯಲ್ಲಿ ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ಬಹಳ ವರ್ಷಗಳಿಂದ ಅವರ ಜಮಖಾನ ನನ್ನ ಎಡಕ್ಕೆ ಇತ್ತು. ಮಾತು ಕಡಿಮೆ. ಶವಾಸನದಿಂದ ಎದ್ದು, ಜಮಖಾನ ಸುತ್ತಿ, “ಅಂಗಡಿ ತೆಗೆಯಬೇಕು” ಎಂದು ಹೊರಟುಬಿಡುವವರು. ಅವರ ಮನೆ ಯಾವ ಬೀದಿಯಲ್ಲಿದೆ ಎಂಬುದೂ ನನಗೆ ಸರಿಯಾಗಿ ಗೊತ್ತಿರಲಿಲ್ಲ.

ಚಿಕಿತ್ಸೆಯ ನಡುವೆ ಒಮ್ಮೆ ಜ್ವರ ಏರಿ ರಾತ್ರೋರಾತ್ರಿ ದಾಖಲಾಗಬೇಕಾಯಿತು. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರು ಉಳಿಯುವಂತಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಮರುದಿನ ಪರೀಕ್ಷೆ ಇದ್ದ ಮಗಳು. ಶಿವಮೊಗ್ಗದಿಂದ ತಂಗಿ ಬಂದು ಮುಟ್ಟುವುದು ಬೆಳಿಗ್ಗೆಯೇ. ನಮ್ಮ ಯಜಮಾನರು ಗುರುಗಳಿಗೆ ಫೋನ್ ಮಾಡಿದರು, ಗುರುಗಳು ಗುಂಪಿಗೆ ಒಂದು ಸಾಲು ಹಾಕಿದರು. ಅದು ಮದುವೆಯ ಮುಹೂರ್ತಗಳ ವಾರ. ಮರುದಿನ ಕೊಡಬೇಕಾದ ರವಿಕೆಗಳು ಅಕ್ಕನ ಅಂಗಡಿಯಲ್ಲಿ ರಾಶಿ ಬಿದ್ದಿದ್ದವು ಎಂದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ, ಅದೂ ಅವರ ಸಹಾಯಕಿಯ ಬಾಯಿಂದ. ಒಂದು ಫ್ಲಾಸ್ಕ್ ಗಂಜಿ, ಒಂದು ದುಪ್ಪಟಿ ಹಿಡಿದು ಬಂದವರು ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು.

ಆ ರಾತ್ರಿಯನ್ನು ಪೂರ್ತಿ ಬರೆಯಲಾರೆ. ನಡುಕ, ವಾಂತಿ, ಮತ್ತೆ ನಡುಕ. ಸಾಯುತ್ತೇನೆ ಎಂಬ ಭಯಕ್ಕಿಂತ, ಹೀಗೆ ಬದುಕಿ ಏನು ಮಾಡಲಿ ಎಂಬ ಸಿಟ್ಟು ಹೆಚ್ಚಾಗಿತ್ತು. ಬಾಯಿಬಿಟ್ಟು ಹೇಳಿಯೂಬಿಟ್ಟೆ: “ಅಕ್ಕಾ, ನನಗೆ ಈ ಮೈ ಬೇಡ.” ಅವರು ಸಮಾಧಾನ ಹೇಳಲಿಲ್ಲ, ದೇವರ ಹೆಸರನ್ನೂ ತೆಗೆಯಲಿಲ್ಲ. “ಹೂಂ” ಎಂದರು. ಬೆನ್ನಿನ ಮೇಲೆ ಅಂಗೈಯಿಟ್ಟು, ತರಗತಿಯಲ್ಲಿ ಎಣಿಸುವ ಕ್ರಮದಲ್ಲೇ ನಾನು ಉಸಿರು ಬಿಡುವುದನ್ನು ಎಣಿಸತೊಡಗಿದರು. ಒಂದರಿಂದ ಆರರವರೆಗೆ. ಮೂರಕ್ಕೇ ಉಸಿರು ಮುಗಿದುಹೋದರೆ ಬೇಸರವಿಲ್ಲದೆ ಮತ್ತೆ ಒಂದರಿಂದ. ಎಷ್ಟು ಹೊತ್ತು ಹಾಗೆ ಎಣಿಸಿದರೋ ನನಗೆ ತಿಳಿಯದು.

ಬೆವರಿಗೆ ಬಟ್ಟೆ ತೊಯ್ದು ಮೈಗಂಟಿತು, ಬದಲಾಯಿಸದೆ ವಿಧಿಯಿರಲಿಲ್ಲ. ಅಲ್ಲಿಯವರೆಗೆ ವೈದ್ಯರು, ನರ್ಸುಗಳನ್ನು ಬಿಟ್ಟರೆ ಆ ಗಾಯದ ಗುರುತನ್ನು ಯಾರೂ ನೋಡಿರಲಿಲ್ಲ. ಯಜಮಾನರಿಗೆ ತೋರಿಸಿರಲಿಲ್ಲ. ಕನ್ನಡಿಯ ಮುಂದೆ ನಾನೂ ನಿಂತಿರಲಿಲ್ಲ. ಆ ಹೊತ್ತಿನಲ್ಲಿ ಮರೆಮಾಡಿಕೊಳ್ಳುವ ಶಕ್ತಿಯೂ ನನ್ನಲ್ಲಿ ಉಳಿದಿರಲಿಲ್ಲ. ಅಕ್ಕ ಗುಂಡಿ ಬಿಚ್ಚಿದರು, ಒದ್ದೆ ಬಟ್ಟೆಯಿಂದ ಮೈ ಒರೆಸಿದರು, ನೋಡಿದರು. ಮುಖ ತಿರುಗಿಸಲಿಲ್ಲ, ಕಣ್ಣು ತುಂಬಿಕೊಳ್ಳಲಿಲ್ಲ. ಹತ್ತಿರ ಬಗ್ಗಿ, ತಮ್ಮ ಅಂಗಡಿಯಲ್ಲಿ ಸಿದ್ಧವಾದ ಬಟ್ಟೆಯನ್ನು ನೋಡುವಷ್ಟೇ ಗಮನವಿಟ್ಟು ನೋಡಿ, “ಹೊಲಿಗೆ ನೇರವಾಗಿದೆ ಕಣಮ್ಮ. ಹಾಕಿದವರ ಕೈ ಒಳ್ಳೆಯದು. ಎಲ್ಲೂ ಸುಕ್ಕು ಬಿದ್ದಿಲ್ಲ” ಎಂದರು.

ಅತ್ತುಬಿಟ್ಟೆ. ಕಾಯಿಲೆ ಗೊತ್ತಾದ ದಿನವೂ ಅಷ್ಟು ಅತ್ತಿರಲಿಲ್ಲ. ಹಾಳಾಯಿತೆಂದು ನಾನು ಕಣ್ಣೆತ್ತಿಯೂ ನೋಡದಿದ್ದ ಜಾಗದಲ್ಲಿ ಅವರಿಗೆ ಯಾರೋ ಶ್ರದ್ಧೆಯಿಂದ ಮಾಡಿದ ಕೆಲಸ ಕಂಡಿತ್ತು. ಜೀವಮಾನವೆಲ್ಲ ಕತ್ತರಿಸುವುದು, ಕೂಡಿಸುವುದು ಎರಡನ್ನೂ ಮಾಡಿದವರು ಹೇಳಿದ ಮಾತಾದ್ದರಿಂದ ಅದನ್ನು ನಂಬಿದೆ. ಬೇರೆ ಯಾರು ಹೇಳಿದ್ದರೂ ನಂಬುತ್ತಿರಲಿಲ್ಲ. ಬೆಳಗಿನ ಜಾವ ಜ್ವರ ಇಳಿಯಿತು. ತಂಗಿ ಬಂದಾಗ ಅಕ್ಕ ದುಪ್ಪಟಿ ಮಡಿಸಿ, “ಅಂಗಡಿ ತೆಗೆಯಬೇಕು” ಎಂದು ಹೊರಟರು.

ಅವರ ಉಪಕಾರ ಅಲ್ಲಿಗೇ ನಿಲ್ಲಲಿಲ್ಲ. ಶಾಲೆಗೆ ಹೋಗಬಹುದು ಎಂದು ವೈದ್ಯರು ಒಪ್ಪಿದ ಮೇಲೂ ನಾನು ದಿನ ತಳ್ಳುತ್ತಿದ್ದೆ. ಮುಂದಕ್ಕೆ ಬಾಗಿದಾಗ ಬಟ್ಟೆ ಒಂದು ಕಡೆ ಜೋತುಬಿದ್ದರೆ ಪಕ್ಕದವರಿಗೆ ಏನು ಕಾಣುತ್ತದೋ ಎಂಬ ಚಿಂತೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಒಂದು ಸಂಜೆ ಅಕ್ಕ ಟೇಪು ಹಿಡಿದು ಮನೆಗೇ ಬಂದರು, ಅಳತೆ ತೆಗೆದುಕೊಂಡು ಹೋದರು, ಎರಡು ಕುರ್ತಾ ಹೊಲಿದು ತಂದರು. ಒಂದರ ಒಳಗೆ ಮೆತ್ತನೆಯ ಬಟ್ಟೆಯ ಚೀಲ; ಅದರಲ್ಲಿ ಹತ್ತಿ, ಹತ್ತಿಯ ನಡುವೆ ಸಾಸಿವೆ. ನಮ್ಮಲ್ಲಿ ಎಳೆಮಕ್ಕಳ ದಿಂಬಿಗೆ ತುಂಬುವ ಸಾಸಿವೆಯೇ. ಬರೀ ಹತ್ತಿಯಾದರೆ ತೂಕವಿರುವುದಿಲ್ಲ, ಒಂದು ಭುಜ ಮೇಲೇರುತ್ತದೆ ಎಂದು ಅವರೇ ಯೋಚಿಸಿದ್ದರು. ಇನ್ನೊಂದು ಕುರ್ತಾದಲ್ಲಿ ಚೀಲವಿಲ್ಲ. ನನ್ನ ಮೈ ಈಗ ಹೇಗಿದೆಯೋ ಹಾಗೆ, ಒಂದು ಬದಿಯನ್ನು ಒಳಗೆ ಹಿಡಿದು ಹೊಲಿದದ್ದು. “ಎರಡೂ ಇರಲಿ. ಯಾವ ದಿನ ಯಾವುದು ಬೇಕೆನಿಸುತ್ತದೋ ಅದನ್ನು ಹಾಕಿಕೊ. ಒಂದನ್ನೇ ಹಾಕಬೇಕು ಎಂದು ಯಾರು ಹೇಳಿದರು?” ಎಂದರು. ಕೂಲಿ ತೆಗೆದುಕೊಳ್ಳಲಿಲ್ಲ. ಬಲವಂತ ಮಾಡಿದ್ದಕ್ಕೆ ಬೇಸರಪಟ್ಟುಕೊಂಡರು.

ನಿಮ್ಮನ್ನು ನೀವು ಇದ್ದಂತೆಯೇ ಒಪ್ಪಿಕೊಳ್ಳಿ ಎಂಬ ಮಾತನ್ನು ಈ ದಿನಗಳಲ್ಲಿ ಬಹಳ ಜನರಿಂದ ಕೇಳಿದೆ. ಒಬ್ಬಳೇ ಕೂತು, ಕಣ್ಣು ಮುಚ್ಚಿ, ಮನಸ್ಸು ಗಟ್ಟಿ ಮಾಡಿಕೊಂಡು ಒಪ್ಪಿಕೊಳ್ಳುವುದು ನನ್ನಿಂದ ಆಗಲಿಲ್ಲ. ಮೊದಲು ಅಕ್ಕ ಒಪ್ಪಿಕೊಂಡರು, ಆಮೇಲೆ ಶಾಲೆ ಒಪ್ಪಿಕೊಂಡಿತು, ಎಲ್ಲರ ಹಿಂದೆ ನಾನು ಬಂದೆ. ಈಗಲೂ ಕೆಲವು ದಿನ ಸಾಸಿವೆ ಚೀಲದ ಕುರ್ತಾ ಇಲ್ಲದೆ ಹೊಸಿಲು ದಾಟಲು ಆಗುವುದಿಲ್ಲ. ಕೆಲವು ದಿನ ಅದರ ನೆನಪೇ ಬರುವುದಿಲ್ಲ. ಎರಡು ಬಗೆಯ ದಿನಗಳಲ್ಲೂ ನನ್ನ ಜಮಖಾನ ಹಾಸುವ ಜಾಗ ಬದಲಾಗಿಲ್ಲ, ಎಡಕ್ಕೆ ಕೂರುವವರೂ ಬದಲಾಗಿಲ್ಲ.

ಗುರುಗಳಿಗೆ ಧನ್ಯವಾದ ಹೇಳಿದರೆ ಅವರಿಗೆ ಮುಜುಗರ. ಆದರೂ ಹೇಳುತ್ತೇನೆ. ವೈದ್ಯರ ಚೀಟಿ ತರುವವರೆಗೆ ಅವರು ಒಂದು ಆಸನವನ್ನೂ ಮಾಡಿಸಲಿಲ್ಲ. ತಂದ ಮೇಲೂ ಗಾಯವಾದ ಬದಿಯ ಕೈಯ ಮೇಲೆ ಮೈಭಾರ ಹಾಕಿಸಲಿಲ್ಲ. ಫಿಸಿಯೊಥೆರಪಿಯವರು ಹೇಳಿಕೊಟ್ಟಿದ್ದ, ಗೋಡೆಯ ಮೇಲೆ ಬೆರಳು ನಡೆಸಿಕೊಂಡು ಮೇಲೇರುವ ವ್ಯಾಯಾಮದಿಂದಲೇ ಶುರು. ಬೆರಳು ಮುಟ್ಟಿದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯುತ್ತಿದ್ದರು. ಕೆಲವು ದಿನ ಗೆರೆ ಹಿಂದಿನದಕ್ಕಿಂತ ಕೆಳಗೆ ಬೀಳುತ್ತಿತ್ತು; ಅದನ್ನೂ ಅಷ್ಟೇ ಸ್ಪಷ್ಟವಾಗಿ ಎಳೆದರು. ನಾನು ಸಪ್ಪಗಾದ ಒಂದು ದಿನ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರ ಕಥೆ ಹೇಳಿದರು. ಬೆಳ್ಳೂರಿನಲ್ಲಿ ಹುಟ್ಟಿ, ಬಾಲ್ಯವೆಲ್ಲ ಮಲೇರಿಯಾ, ಟೈಫಾಯಿಡ್, ಕ್ಷಯಗಳಲ್ಲಿ ಕಳೆದು, 1934ರಲ್ಲಿ ಇದೇ ಮೈಸೂರಿಗೆ, ತಮ್ಮ ಒಡಹುಟ್ಟಿದ ಅಕ್ಕನ ಗಂಡ ಕೃಷ್ಣಮಾಚಾರ್ಯರ ಮನೆಗೆ ಬಂದ ಬಡಕಲು ಹುಡುಗ. ಮುಂದೆ ಕುರ್ಚಿ, ಇಟ್ಟಿಗೆ, ಬೆಲ್ಟು, ಹೊದಿಕೆಗಳ ನೆರವಿನಿಂದ ಬಗ್ಗದ ಮೈಗೂ ಆಸನ ಒಲಿಯುವಂತೆ ಮಾಡಿದವರು. 1979ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಸ್ಕೂಟರ್ ಅಪಘಾತದಲ್ಲಿ ಪೆಟ್ಟಾಗಿ ತಾವೇ ಜಗತ್ತಿಗೆ ಕಲಿಸಿದ್ದ ಆಸನಗಳನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು, ವರ್ಷಗಳೇ ಹಿಡಿದವು. ಕಥೆ ಮುಗಿಸಿ ಮೂಲೆಯಿಂದ ಒಂದು ಕುರ್ಚಿ ಬಿಡಿಸಿ ತಂದು ನನ್ನ ಜಮಖಾನದ ಮೇಲಿಟ್ಟರು. ಈಗಲೂ ಅದು ಅಲ್ಲೇ ಇದೆ.

ಈ ಬಾರಿಯ ರಥಸಪ್ತಮಿಗೆ ಶಾಲೆಯಲ್ಲಿ ಎಂದಿನಂತೆ 108 ಸೂರ್ಯನಮಸ್ಕಾರ. ಸೂರ್ಯನ ಹನ್ನೆರಡು ಹೆಸರು, ಒಂಬತ್ತು ಸುತ್ತು. ಹಿಂದೆ ನಿಮ್ಮೆಲ್ಲರ ಜೊತೆ ಪೂರ್ತಿ ಮಾಡುತ್ತಿದ್ದವಳು ಈ ಸಲ ಮನೆಯಲ್ಲೇ ಉಳಿಯುತ್ತೇನೆ ಎಂದಿದ್ದೆ. “ಹೆಸರು ಹೇಳುವವರು ಬೇಕಲ್ಲ, ನನ್ನ ಗಂಟಲು ಕಟ್ಟಿದೆ” ಎಂದು ಗುರುಗಳು ಕರೆಸಿಕೊಂಡರು. ಕುರ್ಚಿಯ ಮೇಲೆ ಕೂತು, ಕೈ ಎಷ್ಟು ಏರುತ್ತದೋ ಅಷ್ಟು ಏರಿಸಿ, ‘ಓಂ ಮಿತ್ರಾಯ ನಮಃ’ ಎಂದು ಆರಂಭಿಸಿದೆ. ಮೊದಲ ಸುತ್ತಿನಲ್ಲಿ ಧ್ವನಿ ನಡುಗಿತು. ಮೂರನೆಯದರ ಹೊತ್ತಿಗೆ ನಾನು ಹೇಳುವುದಕ್ಕೂ ನೀವು ಬಾಗಿ ಏಳುವುದಕ್ಕೂ ಲಯ ಕೂಡಿಕೊಂಡಿತು. ಅಷ್ಟು ಜನರ ಉಸಿರು ನನ್ನ ಧ್ವನಿಯನ್ನು ಹಿಂಬಾಲಿಸುತ್ತಿದೆ ಎಂಬುದು ನನಗೆ ಹೊಸ ಅನುಭವ. ಒಂಬತ್ತನೆಯ ಸುತ್ತಿನ ಕೊನೆಗೆ ‘ಓಂ ಭಾಸ್ಕರಾಯ ನಮಃ’ ಎಂದಾಗ ಹೊಟ್ಟೆ ತುಂಬಿದಷ್ಟು ಸಂತೋಷವಾಗಿತ್ತು. ಆ ದಿನ ಯಾವ ಕುರ್ತಾ ಹಾಕಿದ್ದೆನೆಂದು ಅಕ್ಕನ ಹೊರತು ಯಾರೂ ಗಮನಿಸಿರಲಾರರು.

ಯಜಮಾನರ, ಮಗಳ, ತಂಗಿಯ ಋಣವನ್ನು ಇಲ್ಲಿ ಬರೆಯುತ್ತಿಲ್ಲ. ಅದು ಮನೆಯೊಳಗೆ ಹೇಳಬೇಕಾದದ್ದು, ಹೇಳಿದ್ದೇನೆ.

ಬರುವ ಭಾನುವಾರ ತರಗತಿ ಮುಗಿದ ಮೇಲೆ ಎಲ್ಲರೂ ನಮ್ಮ ಮನೆಗೆ ತಿಂಡಿಗೆ ಬನ್ನಿ. ಖಾರ ಪೊಂಗಲ್, ಕೇಸರಿಬಾತ್, ಫಿಲ್ಟರ್ ಕಾಫಿ. ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ಕೆಳಗಿನ ಮನೆಯ ಹಜಾರದಲ್ಲೇ ಎಲೆ ಹಾಕುತ್ತೇವೆ. ಹೊಲಿಗೆಯಕ್ಕಾ, ಆ ದಿನ ಅಂಗಡಿಯ ಬೀಗ ತೆಗೆಯಲು ನಿಮ್ಮ ಸಹಾಯಕಿ ಒಪ್ಪಿದ್ದಾಳೆ, ನಾನೇ ಹೋಗಿ ಮಾತಾಡಿ ಬಂದಿದ್ದೇನೆ. ನೀವು ಎರಡನೇ ಸಲ ಬಡಿಸಿಕೊಂಡ ಮೇಲೆಯೇ ಏಳಬೇಕು.