ಮಳೆಗಾಲಕ್ಕೆ ಆಗುಂಬೆ ಬಂದ್, ಭಾನುವಾರದ ಸವಾರಿ ಕೂಡ್ಲಿ ಕಡೆಗೆ

ಶಿವಮೊಗ್ಗದ ನಮ್ಮ ಸೈಕಲ್ ಅಂಗಡಿಯ ಗ್ರಾಹಕರಿಗೆ ನಮಸ್ಕಾರ.

ಈ ಸಲ ಮೃಗಶಿರಾ ಮಳೆ ಹಿಡಿದಲ್ಲಿಂದ ಹಸ್ತಾ ಮುಗಿಯುವ ತನಕ, ಅಂದರೆ ಜೂನ್ 8ರಿಂದ ಅಕ್ಟೋಬರ್ 10ರವರೆಗೆ, ಆಗುಂಬೆ ಘಾಟಿಗೆ ಯಾವ ಸೈಕಲ್ಲನ್ನೂ ಬಾಡಿಗೆಗೆ ಕೊಡುವುದಿಲ್ಲ. ತೀರ್ಥಹಳ್ಳಿ ರಸ್ತೆಗೆ ಡಿಸ್ಕ್ ಬ್ರೇಕಿನವು ಮಾತ್ರ ಸಿಗುತ್ತವೆ. ಭಾನುವಾರದ ಗುಂಪು ಸವಾರಿ ಗಾಜನೂರು, ಮಂಡಗದ್ದೆ ದಾರಿ ಬಿಟ್ಟು ಹೊಳೆಹೊನ್ನೂರು ರಸ್ತೆ ಹಿಡಿದು ಕೂಡ್ಲಿಗೆ ಹೋಗುತ್ತದೆ. ಬಾಡಿಗೆ ದರ ಹಾಗೇ ಇದೆ. ಆಗುಂಬೆಗೆಂದು ಮುಂಗಡ ಕೊಟ್ಟವರು ಪೂರ್ತಿ ಹಣ ವಾಪಸ್ ಪಡೆಯಬಹುದು, ಇಲ್ಲವೇ ನವೆಂಬರಿಗೆ ದಿನ ಬದಲಿಸಿಕೊಳ್ಳಬಹುದು.

ಇದಕ್ಕೆಲ್ಲ ಕಾರಣ ಚಕ್ರದ ರಿಮ್ಮನ್ನು ಒತ್ತಿ ಹಿಡಿಯುವ ಬ್ರೇಕ್ ರಬ್ಬರು. ರಿಮ್ಮು ಒದ್ದೆಯಾಗಿದ್ದಾಗ ಲಿವರ್ ಒತ್ತಿದರೆ ಚಕ್ರದ ಮೊದಲ ಒಂದೆರಡು ಸುತ್ತು ಬರೀ ನೀರು ಒರೆಸುವುದರಲ್ಲೇ ಹೋಗುತ್ತದೆ, ಹಿಡಿತ ಬರುವುದು ಆಮೇಲೆ. ಸಮತಟ್ಟು ರಸ್ತೆಯಲ್ಲಿ ಇದು ನಡೆದುಹೋಗುತ್ತದೆ. 14 ಹೇರ್‌ಪಿನ್ ತಿರುವಿನ ಇಳಿಜಾರಿನಲ್ಲಿ, ಕಾವಳ ಕವಿದು ಎದುರಿನ ಬಸ್ಸು ಹಾರ್ನ್ ಕೇಳಿದ ಮೇಲಷ್ಟೇ ಕಾಣುವಾಗ, ಆ ಒಂದೆರಡು ಸುತ್ತಿಗೆ ಜಾಗವಿಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರು ಅದು.

ಇನ್ನೊಂದು ತೊಂದರೆ ನಿಧಾನಕ್ಕೆ ಆಗುವಂಥದ್ದು. ರಸ್ತೆಯ ಮರಳು ರಬ್ಬರಿನೊಳಗೆ ಹೂತು ಅಲ್ಯೂಮಿನಿಯಂ ರಿಮ್ಮನ್ನು ಅರದ ಹಾಗೆ ತಿನ್ನುತ್ತದೆ. ಬ್ರೇಕ್ ಹಿಡಿದಾಗ ಕರಕರ ಸದ್ದು ಬಂದರೆ ಅದೇ. ರಬ್ಬರ್ ಬಿಚ್ಚಿ, ಸೂಜಿಯಿಂದ ಮರಳಿನ ಕಾಳು ಕಿತ್ತು, ಮೇಲ್ಮೈಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಹಾಕಿ. ರಬ್ಬರಿನ ಗೀರುಗಳು ಅಳಿಸಿದ್ದರೆ ಹೊಸದೇ ಬೇಕು. ರಿಮ್ಮಿನ ಪಕ್ಕವನ್ನು ಬೆರಳಲ್ಲಿ ಸವರಿ ನೋಡಿ. ಒಳಕ್ಕೆ ಬಾಗಿ ಹಳ್ಳದಂತಾಗಿದ್ದರೆ ಆ ರಿಮ್ಮು ಟೈರಿನ ಗಾಳಿಯ ಒತ್ತಡಕ್ಕೇ ಸೀಳಬಹುದು, ಅದನ್ನು ಓಡಿಸಬೇಡಿ.

ಡಿಸ್ಕ್ ಬ್ರೇಕ್ ಒದ್ದೆಯಲ್ಲಿ ಕಿರುಚುತ್ತದೆ, ಆದರೆ ಬೇಗ ಹಿಡಿಯುತ್ತದೆ. ಅದಕ್ಕೆ ವೈರಿ ಎಣ್ಣೆ. ಚೈನಿಗೆ ಸ್ಪ್ರೇ ಹೊಡೆಯುವಾಗ ಡಿಸ್ಕಿಗೆ ತಾಗಿದರೆ ಪ್ಯಾಡು ಹಾಳಾದಂತೆಯೇ. ಅದಕ್ಕೇ ನಾವು ಸ್ಪ್ರೇ ಬಿಟ್ಟು ಹನಿ ಎಣ್ಣೆ ಬಳಸುತ್ತೇವೆ: ಚೈನನ್ನು ಒಣಬಟ್ಟೆಯಲ್ಲಿ ಒರೆಸಿ, ಒಂದೊಂದು ರೋಲರಿಗೆ ಒಂದೊಂದು ಹನಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಒರೆಸಿ ತೆಗೆಯುವುದು. ಹೊರಗೆ ಉಳಿದ ಎಣ್ಣೆ ಮಣ್ಣು ಹಿಡಿಯುತ್ತದೆ ಅಷ್ಟೆ. ಮಳೆಗಾಲದಲ್ಲಿ ಇದನ್ನು ಪ್ರತಿ ಸವಾರಿಯ ನಂತರವೂ ಮಾಡಬೇಕು. ತೊಳೆಯುವಾಗ ಪೈಪಿನ ನೀರನ್ನು ಚಕ್ರದ ನಡುವಿನ ಹಬ್ಬಿಗೂ ಪೆಡಲ್ ನಡುವಿನ ಬೇರಿಂಗಿಗೂ ರಭಸವಾಗಿ ಬಿಡಬೇಡಿ. ಒಳಗಿನ ಗ್ರೀಸು ತೊಳೆದುಹೋದರೆ ದಸರಾ ಹೊತ್ತಿಗೆ ಎಲ್ಲ ಬಿಚ್ಚಿ ಗ್ರೀಸು ತುಂಬುವ ಓವರ್‌ಹಾಲಿಂಗ್ ಖರ್ಚು ನಿಮ್ಮದೇ.

ಕೂಡ್ಲಿ ದಾರಿ ಹೋಗಿಬರಲು ಮೂವತ್ತು ಕಿಲೋಮೀಟರ್, ಮೇಲೆ ಸ್ವಲ್ಪ. ತುಂಗೆ, ಭದ್ರೆ ಸೇರುವ ಕಡೆ ಏರಿಳಿತ ಕಡಿಮೆ, ಮಳೆಯೂ ತೀರ್ಥಹಳ್ಳಿ ಕಡೆಯಷ್ಟಿಲ್ಲ. ಹಾಗೆಂದು ಅಪಾಯ ಇಲ್ಲದಿಲ್ಲ. ನಾಟಿ ಶುರುವಾದರೆ ಟ್ರ್ಯಾಕ್ಟರುಗಳು ಗದ್ದೆಯ ಕೆಸರನ್ನು ರಸ್ತೆಗೆ ಹೊತ್ತು ತರುತ್ತವೆ. ಮೇಲೆ ಹದವಾಗಿ ನೀರು ಬಿದ್ದರೆ ಅದು ಸೋಪಿನ ಹಾಗೆ. ಅಲ್ಲಿ ತಿರುಗಿಸುವಾಗ ಬ್ರೇಕ್ ಹಿಡಿಯಬೇಡಿ, ಮೊದಲೇ ವೇಗ ಇಳಿಸಿ. 35 ಮಿಲಿಮೀಟರ್ ಟೈರಿಗೆ ನಾವು ಬೇಸಿಗೆಯಲ್ಲಿ ತುಂಬುವ 65 ಪಿಎಸ್‌ಐ ಗಾಳಿಯ ಒತ್ತಡದ ಬದಲು 55 ಇಡುತ್ತೇವೆ, ನೆಲ ಚೆನ್ನಾಗಿ ಹಿಡಿಯುತ್ತದೆ. ನದಿ ತುಂಬಿದ್ದರೆ ಸಂಗಮದ ಮೆಟ್ಟಿಲಿಗೆ ಇಳಿಯುವುದಿಲ್ಲ.

ಮಂಡಗದ್ದೆಯಲ್ಲಿ ಹಕ್ಕಿ ಗೂಡು ಕಟ್ಟುವುದು ಮಳೆಗಾಲದಲ್ಲೇ, ಅದು ನಮಗೂ ಗೊತ್ತು. ಹಕ್ಕಿ ನೋಡಬೇಕಾದವರು ತೀರ್ಥಹಳ್ಳಿ ಬಸ್ಸು ಹತ್ತುವುದೇ ಒಳ್ಳೆಯದು.

ಹೊರಡುವ ಹೊತ್ತು 5:45ರ ಬದಲು 6:30. ಮೋಡ ಕವಿದ ದಿನ ಅದಕ್ಕೂ ಮೊದಲು ಬೆಳಕು ಸಾಲುವುದಿಲ್ಲ. ಹಿಂದಿನ ಕೆಂಪು ದೀಪ, ಹಿಂದೆ ಮುಂದೆ ಮಡ್‌ಗಾರ್ಡ್ ಇಲ್ಲದ ಸೈಕಲ್ಲನ್ನು ಗುಂಪಿಗೆ ಸೇರಿಸಿಕೊಳ್ಳುವುದಿಲ್ಲ. ಮಡ್‌ಗಾರ್ಡ್ ನಿಮ್ಮ ಬೆನ್ನಿಗಲ್ಲ, ಹಿಂದೆ ಬರುವವರ ಕಣ್ಣಿಗೆ. ಇಲ್ಲದವರು ಶನಿವಾರ ಸಂಜೆಯೊಳಗೆ ಅಂಗಡಿಗೆ ಬಂದರೆ ಕಟ್ಟಿಕೊಡುತ್ತೇವೆ.

ಇತಿ,
ಸೈಕಲ್ ಬಾಡಿಗೆ ಮತ್ತು ರಿಪೇರಿ ಅಂಗಡಿಯವರು, ಶಿವಮೊಗ್ಗ