ಎಂಟು ಊರು, ಹನ್ನೊಂದು ದಿನ

ಮೈಸೂರು
ಮಾರ್ಚ್ 2

ಪ್ರೀತಿಯ ಪುಟ್ಟಿಗೆ ಮಾಮನ ಆಶೀರ್ವಾದಗಳು.

ನೀನು ಕಳಿಸಿದ ಯುರೋಪ್ ಪ್ರವಾಸದ ಎಕ್ಸೆಲ್ ಶೀಟ್ ನೋಡಿದೆ. ಎಂಟು ಊರು, ಹನ್ನೊಂದು ದಿನ, ಊರಿಗೊಂದು ಬಣ್ಣ. ಪ್ಯಾರಿಸ್‌ಗೆ ಹಳದಿ, ಪ್ರಾಗ್‌ಗೆ ಹಸಿರು, ರೋಮ್‌ಗೆ ಕೆಂಪು. ಕೆಳಗೆ ಖರ್ಚಿನ ಲೆಕ್ಕ ಬೇರೆ, ಪೈಸೆ ಸಮೇತ. "ಒಂದ್ಸಲ ಕಣ್ಣಾಡಿಸು ಮಾಮ" ಅಂದಿದ್ದೆ. ವಾಟ್ಸಾಪಿನಲ್ಲೇ ಉತ್ತರ ಬರೆಯಲು ಕೂತೆ. ನಾಲ್ಕನೇ ಮೆಸೇಜಿಗೆ ನಿನ್ನ ಅತ್ತೆ ಹಿಂದಿನಿಂದ ಬಂದು, "ಅಷ್ಟುದ್ದ ಅವಳು ಓದಲ್ಲ, ಕಾಗದ ಬರೀರಿ, ಕಾಗದ ಅಂದ್ರೆ ಓದ್ತಾಳೆ" ಅಂದಳು. ಹಾಗಾಗಿ ಇದು.

ಹೋಗಬೇಡ ಅಂತ ಹೇಳಲು ಬರೆಯುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆ ಕೆಲಸಕ್ಕೆ ನಿಮ್ಮಮ್ಮ ಇದ್ದಾಳೆ. ನಾನು ಹೇಳುವುದು ಎಂಟರಲ್ಲಿ ಐದು ಊರು ಹೊಡೆದುಹಾಕು ಅಂತ.

2009ರ ಮಾರ್ಚ್‌ನಲ್ಲಿ ನಾನೂ, ಜರ್ಮನಿಯಲ್ಲಿ ನೀನೀಗ ಓದುತ್ತಿರುವ ಇದೇ ಸ್ಟುಟ್‌ಗಾರ್ಟ್‌ನಿಂದ, ಇಂಥದೇ ಒಂದು ದಂಡಯಾತ್ರೆ ಹೊರಟಿದ್ದೆ. ಯುರೋಪಿನ ರೈಲುಗಳಲ್ಲಿ ಸುತ್ತುವ ಇಂಟರ್‌ರೇಲ್ ಪಾಸ್, ಬೆನ್ನಿಗೊಂದು ಚೀಲ, ಚೀಲದ ತುಂಬ ಎಂಟಿಆರ್ ಪ್ಯಾಕೆಟ್ಟು. ಏಳು ದೇಶ ಮುಗಿಸಿದೆ. ರಾತ್ರಿಯೆಲ್ಲ ರೈಲಿನಲ್ಲಿ ನಿದ್ದೆ, ಹಾಸ್ಟೆಲ್ ದುಡ್ಡು ಉಳಿಯಿತು ಅನ್ನುವ ಖುಷಿ. ಫೋಟೋ ನೂರಾರು ಇವೆ. ಎಲ್ಲದರಲ್ಲೂ ನಾನು ಯಾವುದೋ ಕಟ್ಟಡದ ಮುಂದೆ, ಅದೇ ನೀಲಿ ಜಾಕೆಟ್ಟಿನಲ್ಲಿ, ನಿದ್ದೆಗಣ್ಣಿನಲ್ಲಿ ನಿಂತಿದ್ದೇನೆ. ಯಾವುದು ಯಾವ ಊರು ಅಂತ ಈಗ ಕೇಳಿದರೆ ಅರ್ಧಕ್ಕೆ ತಡವರಿಸುತ್ತೇನೆ. ಮೋನಾಲಿಸಾ ನೋಡಿದೆಯಾ ಅಂದರೆ, ಅವಳನ್ನು ನೋಡುತ್ತಿದ್ದವರ ತಲೆಗಳನ್ನು ನೋಡಿದೆ.

ಆ ಹನ್ನೊಂದು ದಿನದಲ್ಲಿ ಚೆನ್ನಾಗಿ ನೆನಪಿರುವುದು ಒಂದೇ. ವಿಯೆನ್ನಾದಲ್ಲಿ ರೈಲು ತಪ್ಪಿತು. ಮುಂದಿನದಕ್ಕೆ ನಾಲ್ಕು ಗಂಟೆ ಇತ್ತು. ಸಾಕ್ಸ್ ಎಲ್ಲ ಒದ್ದೆ. ಸ್ಟೇಷನ್ ಹಿಂದಿನ ಬೀದಿಯಲ್ಲಿ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿಯೊಂದು ಕಂಡಿತು, ಒಳಗೆ ಬೆಚ್ಚಗಿತ್ತು, ನುಗ್ಗಿದೆ. ಮಷಿನ್ ಹೇಗೆ ಓಡಿಸುವುದು ಗೊತ್ತಿಲ್ಲ. ಒಬ್ಬ ಟರ್ಕಿಯ ಮುದುಕ ಎದ್ದು ಬಂದು, ಮಾತೇ ಆಡದೆ, ನನ್ನ ಕೈಯಿಂದ ನಾಣ್ಯ ಆರಿಸಿ ಒಂದೊಂದಾಗಿ ಹಾಕಿದ. ಆಮೇಲೆ ತನ್ನ ಎಳ್ಳು ಹಚ್ಚಿದ ಬ್ರೆಡ್ಡನ್ನು ಮುರಿದು ಅರ್ಧ ಕೊಟ್ಟ. ಅವನ ಜರ್ಮನ್ ನನ್ನದಕ್ಕಿಂತ ಸ್ವಲ್ಪ ಮೇಲು, ಅಷ್ಟೇ. ಮೂವತ್ತು ವರ್ಷ ರಸ್ತೆ ಕೆಲಸ ಮಾಡಿದ್ದನಂತೆ. ಅವನ ಉಗುರಿನ ಸಂದಿಯ ಕಪ್ಪು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ವಿಯೆನ್ನಾದ ಅರಮನೆ ನೆನಪಿಲ್ಲ.

ದೇಶ ಸುತ್ತಬೇಕು, ಕೋಶ ಓದಬೇಕು ಅಂತ ಸ್ಕೂಲಿನಲ್ಲಿ ಪ್ರಬಂಧ ಬರೆದಿದ್ದೀಯಲ್ವಾ. ಗಾದೆ ಹೇಳುವುದು ಸುತ್ತು ಅಂತ, ಓಡು ಅಂತಲ್ಲ. ಕೋಶ ಅಂದಾಗ ಒಂದು ವಿಷಯ ನೆನಪಾಯಿತು. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ನಿಘಂಟಿನ ಕಿಟೆಲ್ ಪ್ರತಿಮೆ ಮುಂದೆ ನೂರು ಸಲ ಆಟೋದಲ್ಲಿ ಹೋಗಿದ್ದೀಯ. ಆ ಮನುಷ್ಯ ಕೊನೆಗಾಲ ಕಳೆದು 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ನಿನ್ನ ರೂಮಿನಿಂದ ರೈಲಿನಲ್ಲಿ ಒಂದು ಗಂಟೆ! 1853ರಲ್ಲಿ ನಮ್ಮ ದೇಶಕ್ಕೆ ಬಂದಾಗ ಅವರಿಗೆ ನಿನಗಿಂತ ಎರಡು ವರ್ಷ ಕಡಿಮೆ, 21. ಬಂದದ್ದು ಮತಪ್ರಚಾರಕ್ಕೆ. ಆದರೆ ಜನರ ಮಾತು ಕೇಳುತ್ತಾ ಕೂತರು. ಪದ, ಗಾದೆ, ಬೈಗುಳ ಎಲ್ಲ ಗುಡ್ಡೆ ಹಾಕಿದರು. ಕನ್ನಡ-ಇಂಗ್ಲಿಷ್ ಕೋಶ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಸುಮಾರು 70 ಸಾವಿರ ಪದ. ನಲವತ್ತು ವರ್ಷ ಪುಟ್ಟಿ! ಇನ್ನು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಮೋಗ್ಲಿಂಗ್ ತೀರಿಕೊಂಡದ್ದು ಎಸ್ಲಿಂಗನ್‌ನಲ್ಲಿ. ನೀನು ಡಿಸೆಂಬರ್‌ನಲ್ಲಿ ಕ್ರಿಸ್ಮಸ್ ಸಂತೆಗೆ ಹೋಗಿ ಸೆಲ್ಫಿ ಕಳಿಸಿದೆಯಲ್ಲ, ಅದೇ ಎಸ್ಲಿಂಗನ್. ಒಂದೂವರೆ ವರ್ಷವಾಯಿತು ನೀನು ಅಲ್ಲಿಗೆ ಹೋಗಿ. ಟ್ಯೂಬಿಂಗನ್ ನೋಡಿಲ್ಲ, ರೋಮ್‌ಗೆ ಟಿಕೆಟ್ ನೋಡುತ್ತಿದ್ದೀಯ.

ನಿನ್ನ ಇನ್ನೊಂದು ದೂರಿಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ಕೆಳಗಿನ ಮನೆ ಅಜ್ಜಿ ಕೇರ್‌ವೋಖೆ, ಅಂದರೆ ಸರದಿಯ ವಾರದ ಗುಡಿಸಿ ಒರೆಸುವ ಕೆಲಸ, ಮಾಡಿಲ್ಲ ಅಂತ ಬಾಗಿಲು ತಟ್ಟಿದರು, ಅವಮಾನ ಆಯಿತು ಅಂದೆ. ನನಗೆ ನಗು ಬಂತು. ಹದಿನೇಳು ವರ್ಷದ ಹಿಂದೆ ನನ್ನ ಬಾಗಿಲನ್ನೂ ತಟ್ಟಿದ್ದರು. ಸ್ಟುಟ್‌ಗಾರ್ಟ್ ಕಡೆ ಇದು ನೂರಾರು ವರ್ಷದ ಪದ್ಧತಿ. ಸರದಿ ಬಂದ ವಾರ ನಿನ್ನ ಬಾಗಿಲಿಗೆ ಫಲಕ ನೇತಾಡುತ್ತದೆ, ಆ ವಾರ ಮೆಟ್ಟಿಲು ನಿನ್ನದು. ದೊಡ್ಡ ಸರದಿ ಬಂದರೆ ಅಂಗಳ, ಮುಂದಿನ ಫುಟ್‌ಪಾತ್ ಕೂಡ. ನಾನು ಮೊದಲ ಸಲ ಪೊರಕೆ ಆಡಿಸಿ ಕೈತೊಳೆದುಕೊಂಡೆ. ಕೆಳಗಿನ ಅಜ್ಜಿ ಮೇಲೆ ಬಂದು, ಮೆಟ್ಟಿಲ ಕಟಕಟೆಯ ಕೆಳಭಾಗಕ್ಕೆ ಬೆರಳು ಸವರಿ, ಆ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದರು. ನಮ್ಮಜ್ಜಿ ಹಬ್ಬದ ಹಿಂದಿನ ದಿನ ಹಿತ್ತಾಳೆ ಪಾತ್ರೆಗೆ ಹೀಗೇ ಬೆರಳು ಸವರುತ್ತಿದ್ದಳು. ಮುಂದಿನ ವಾರ ಬಕೆಟ್, ಬಟ್ಟೆ ತಂದು ಮಂಡಿಯೂರಿ ಒರೆಸಿದೆ. ಅವರು ಬಂದರು, ನೋಡಿದರು, ಏನೂ ಹೇಳದೆ ಹೋದರು. ಬೇಜಾರಾಯಿತು. ಲ್ಯಾಬಿನ ಗೆಳೆಯ ಆಮೇಲೆ ಹೇಳಿದ, ಆ ಕಡೆಯ ಜನ ಶ್ವಾಬಿಯನ್ನರಲ್ಲಿ ಒಂದು ಮಾತಿದೆಯಂತೆ: ಬೈಯಲಿಲ್ಲ ಅಂದರೆ ಹೊಗಳಿದ ಹಾಗೇ. ನಿನ್ನ ಪ್ರೊಫೆಸರ್ ಒಂದು ಒಳ್ಳೇ ಮಾತಾಡಲ್ಲ ಅಂತ ಕೊರಗುತ್ತಿದ್ದೀಯಲ್ಲ, ಇದನ್ನು ನೆನಪಿಟ್ಟುಕೋ.

ಆ ಅಜ್ಜಿಯ ಹತ್ತಿರ ನಾನು ಕಲಿತಷ್ಟು ಜರ್ಮನ್ ಯಾವ ಕ್ಲಾಸಿನಲ್ಲೂ ಕಲಿಯಲಿಲ್ಲ. ಮೌಲ್ಟಾಶನ್ ತಿನ್ನುವ ಮುಂಚೆ ಕೇಳು ಅಂತ ಹೇಳಿಕೊಟ್ಟವರೂ ಅವರೇ. ನೋಡಲು ನಮ್ಮ ಕಡುಬಿನ ಹಾಗೆ ಸಾಧು ತಿಂಡಿ, ಒಳಗೆ ಮಾಂಸ ಇರುತ್ತದೆ. ಉಪವಾಸದ ದಿನ ದೇವರಿಗೆ ಕಾಣದ ಹಾಗೆ ಹಿಟ್ಟಿನೊಳಗೆ ಬಚ್ಚಿಟ್ಟು ತಿನ್ನುತ್ತಿದ್ದರಂತೆ. ಅದಕ್ಕೆ ಅಡ್ಡಹೆಸರೇ 'ದೇವರಿಗೆ ಟೋಪಿ ಹಾಕುವುದು' ಅನ್ನುವ ಅರ್ಥದ್ದು. ತರಕಾರಿಯದ್ದೂ ಅಂಗಡಿಯಲ್ಲಿ ಸಿಗುತ್ತದೆ, ಹುಡುಕು. ಮುಂದಿನ ಸರದಿ ಮುಗಿದ ಮೇಲೆ ಒಂದು ತಟ್ಟೆ ಚಕ್ಕುಲಿ ಹಿಡಿದು ಕೆಳಗೆ ಹೋಗು. ಅಮ್ಮ ಕಳಿಸಿದ ಡಬ್ಬಿ ಇನ್ನೂ ಖಾಲಿಯಾಗಿಲ್ಲ ಅಂತ ನನಗೆ ಗೊತ್ತು.

ಸರಿ, ಈಗ ಪ್ರವಾಸ. ಮೊದಲು ಸ್ಟ್ರಾಸ್‌ಬುರ್ಗ್, ಮೂರು ದಿನ. ನಿನ್ನ ಹತ್ತಿರ ಡಾಯಿಚ್‌ಲಾಂಡ್ ಟಿಕೆಟ್ ಅನ್ನುವ ತಿಂಗಳ ಪಾಸ್ ಇದೆ. ಅದರಲ್ಲಿ ವೇಗದ ಐಸಿಇ ರೈಲು ಹತ್ತುವ ಹಾಗಿಲ್ಲ, ಆದರೆ ಪ್ಯಾಸೆಂಜರ್ ರೈಲುಗಳಲ್ಲಿ ಗಡಿಯ ಕೇಲ್ ಊರಿನವರೆಗೆ ಹೋಗಬಹುದು. ಅಲ್ಲಿಂದ ಬೇರೆ ಟಿಕೆಟ್ ತೆಗೆದು ಟ್ರಾಮ್ ಹತ್ತಿದರೆ ರೈನ್ ನದಿ ದಾಟಿ ಫ್ರಾನ್ಸ್. ಸಿಟಿ ಬಸ್ಸಿನಲ್ಲಿ ದೇಶ ದಾಟಿದ ಹಾಗೆ! ಅಲ್ಲಿನ ಚರ್ಚಿನ ಗೋಪುರ 142 ಮೀಟರ್, 1874ರವರೆಗೆ ಜಗತ್ತಿಗೇ ಎತ್ತರದ ಕಟ್ಟಡ. ಅದು ಇರಲಿ. ಹಳೇ ಪೇಟೆಯ ಬೀದಿ ಹೆಸರುಗಳನ್ನು ಓದು. ಫ್ರೆಂಚಿನ ಕೆಳಗೆ ಜರ್ಮನ್ ಹಾಗೆ ಕೇಳಿಸುವ ಇನ್ನೊಂದು ಹೆಸರು ಇರುತ್ತದೆ, ಅದು ಆ ಸೀಮೆಯ, ಅಂದರೆ ಅಲ್ಸಾಸಿನ ಮಾತು. ಆ ಸೀಮೆ 1871ರಲ್ಲಿ ಜರ್ಮನಿ, 1918ರಲ್ಲಿ ಫ್ರಾನ್ಸ್, 1940ರಲ್ಲಿ ಮತ್ತೆ ಜರ್ಮನಿ, 1944ರಲ್ಲಿ ಮತ್ತೆ ಫ್ರಾನ್ಸ್. ಮನೆ ಬಿಟ್ಟು ಕದಲದ ಮುದುಕಿಯೊಬ್ಬಳು ನಾಲ್ಕು ಸಲ ದೇಶ ಬದಲಾಯಿಸಿರುತ್ತಾಳೆ. ಜೇಬಿನಲ್ಲಿ ರೆಸಿಡೆನ್ಸ್ ಕಾರ್ಡ್ ಇಟ್ಟುಕೊಂಡು ಈಗ ಟ್ರಾಮಿನಲ್ಲಿ ಓಡಾಡುತ್ತೀಯಲ್ಲ, ಅದರ ಹಿಂದೆ ಇಷ್ಟು ಕಥೆ ಇದೆ.

ಅಲ್ಲಿಂದ ಬಾಸೆಲ್ ಹತ್ತಿರ. ಒಂದು ದಿನ ಸಾಕು, ಸ್ವಿಟ್ಜರ್‌ಲ್ಯಾಂಡಿನಲ್ಲಿ ಒಂದು ದಿನಕ್ಕಿಂತ ಜಾಸ್ತಿ ಇರುವಷ್ಟು ನಮ್ಮ ಹತ್ತಿರ ದುಡ್ಡಿಲ್ಲ. ತೀರ್ಥಹಳ್ಳಿ ಮನೆಯ ಹಳೇ ಹೆಂಚಿನ ಹಿಂದೆ ಇಂಗ್ಲಿಷ್ ಅಕ್ಷರ ಒತ್ತಿದ್ದು ನೆನಪಿದೆಯಾ, ಚಿಕ್ಕವಳಿದ್ದಾಗ ಪಾಚಿ ಕೆರೆದು ಓದಿದ್ದೆ, ಬಾಸೆಲ್ ಮಿಶನ್ ಅಂತ. ಆ ಬಾಸೆಲ್ ಇದೇ. ಕಿಟೆಲ್, ಮೋಗ್ಲಿಂಗ್ ಇಬ್ಬರನ್ನೂ ಕಳಿಸಿದ್ದು ಅದೇ ಮಿಶನ್. ಒಂದು ಎಚ್ಚರಿಕೆ: ಗಡಿ ದಾಟುವ ಮುಂಚೆ ಮೊಬೈಲ್ ಡೇಟಾ ಆಫ್ ಮಾಡು. ಯುರೋಪಿಯನ್ ಒಕ್ಕೂಟದ ಒಳಗೆ 2017ರಿಂದ ರೋಮಿಂಗಿಗೆ ಬೇರೆ ದುಡ್ಡು ಕೊಡಬೇಕಿಲ್ಲ, ಸ್ವಿಸ್ಸರು ಆ ಒಕ್ಕೂಟದಲ್ಲಿಲ್ಲ.

ಮೂರನೇದು ಪ್ರಾಗ್, ನಾಲ್ಕು ದಿನ. ಅಲ್ಲೇನು ನೋಡಬೇಕು ಅಂತ ನಾನು ಹೇಳಲ್ಲ. ಒಂದು ಬೆಳಿಗ್ಗೆ ಮಾತ್ರ ಸೂರ್ಯ ಹುಟ್ಟುವ ಹೊತ್ತಿಗೆ ಚಾರ್ಲ್ಸ್ ಸೇತುವೆ ಮೇಲೆ ಇರು, ಹತ್ತು ಗಂಟೆ ಮೇಲೆ ಅದು ನಮ್ಮ ದೇವರಾಜ ಮಾರ್ಕೆಟ್ಟಿನ ಹಾಗಾಗುತ್ತದೆ. ಯೂರೋ ಅಲ್ಲ, ಅಲ್ಲಿ ಕೊರುನಾ. ಪ್ಯಾರಿಸ್ ಸದ್ಯಕ್ಕೆ ಬಿಡು. ಸ್ಟುಟ್‌ಗಾರ್ಟ್‌ನಿಂದ ನೇರ ರೈಲು ಇದೆ, ಮೂರು ಗಂಟೆ ಚಿಲ್ಲರೆ, ಯಾವ ವಾರಾಂತ್ಯಕ್ಕೆ ಬೇಕಾದರೂ ಹೋಗಬಹುದು. 26 ತುಂಬುವುದರೊಳಗೆ ಹೋಗು ಅಷ್ಟೇ. ಯುರೋಪಿಯನ್ ಒಕ್ಕೂಟದಲ್ಲಿ ವಾಸ ಇರುವವರಿಗೆ ಅಲ್ಲಿಯವರೆಗೆ ಲೂವ್ರ್ ಮ್ಯೂಸಿಯಂ ಪುಕ್ಕಟೆ, ನಿನ್ನ ಕಾರ್ಡ್ ತೋರಿಸಿದರೆ ಸಾಕು.

ಟ್ರಾಮ್, ಮೆಟ್ರೋ ಹತ್ತಿದಾಗ ಟಿಕೆಟ್ ತೆಗೆದರೆ ಮುಗಿಯಲಿಲ್ಲ, ಎಷ್ಟೋ ಊರುಗಳಲ್ಲಿ ಅದನ್ನು ಮಷಿನ್ನಿಗೆ ತೋರಿಸಿ ಮುದ್ರೆ ಒತ್ತಿಸಬೇಕು. ನಾನು ಒಂದೂರಲ್ಲಿ, ಹೆಸರು ಬೇಡ, ಹೊಚ್ಚ ಹೊಸ ಟಿಕೆಟ್ ಜೇಬಿನಲ್ಲಿಟ್ಟುಕೊಂಡೇ ದಂಡ ಕಟ್ಟಿದೆ. ತಪಾಸಣೆಯವನಿಗೆ ಎಷ್ಟು ಹೇಳಿದರೂ ಕೇಳಲಿಲ್ಲ. ಎರಡು ದಿನ ಬರೀ ಬ್ರೆಡ್ಡು, ಬಾಳೆಹಣ್ಣು. ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್ ಎರಡೂ ಮೈಮೇಲೇ ಇರಲಿ, ಬ್ಯಾಗಿನಲ್ಲಲ್ಲ. ಶೆಂಗೆನ್ ಒಪ್ಪಂದದ ದೇಶಗಳು ಅಂದರೆ ನಡುವೆ ಗಡಿಯೇ ಇಲ್ಲ ಅಂತ ತಿಳಿಯಬೇಡ, ಈಗೀಗ ರೈಲಿನೊಳಗೆ ಬಂದು ನೋಡುತ್ತಾರೆ. ಏನಾದರೂ ಆದರೆ ಎಲ್ಲ ಕಡೆ ನಂಬರ್ ಒಂದೇ, 112.

ಇನ್ನು ರೈಲಿನ ವಿಷಯ. ಜರ್ಮನಿ ರೈಲು ಅಂದರೆ ಗಡಿಯಾರ ಅಂತ ನಿಮ್ಮಪ್ಪ ಇವತ್ತಿಗೂ ನಂಬಿದ್ದಾರೆ. 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ನೂರಕ್ಕೆ 62ರಷ್ಟು ಮಾತ್ರ ಸಮಯಕ್ಕೆ ಬಂದವು ಅಂತ ಹೇಳಿದರೆ ಅವರಿಗೆ ಊಟ ಸೇರಲ್ಲ. ನಾನಿದ್ದಾಗ, 2010ರಲ್ಲಿ, ಸ್ಟುಟ್‌ಗಾರ್ಟ್ ಸ್ಟೇಷನ್ ಅಗೆಯಲು ಶುರು ಮಾಡಿದರು. ನೀನು ಇನ್ನೂ ಆ ಹಲಗೆ ದಾರಿಯಲ್ಲೇ ಸುತ್ತಿಕೊಂಡು ಪ್ಲಾಟ್‌ಫಾರ್ಮಿಗೆ ಹೋಗುತ್ತಿದ್ದೀಯ. ಬೆಂಗಳೂರಿನ ಫ್ಲೈಓವರ್ ಬಗ್ಗೆ ನಾವು ಸುಮ್ನೆ ತಲೆ ತಗ್ಗಿಸುತ್ತೇವೆ. ಅದಿರಲಿ, ಎರಡು ರೈಲಿನ ನಡುವೆ ಎಂಟು ನಿಮಿಷ ಇಟ್ಟಿದ್ದೀಯಲ್ಲ ಶೀಟಿನಲ್ಲಿ, ಅದನ್ನು ಒಂದು ಗಂಟೆ ಮಾಡು. ಒಂದು ಗಂಟೆ ತಡವಾದರೆ ಟಿಕೆಟ್ ದುಡ್ಡಿನಲ್ಲಿ ಕಾಲು ಭಾಗ, ಎರಡು ಗಂಟೆಗೆ ಅರ್ಧ ವಾಪಸ್ ಸಿಗುತ್ತದೆ, ಕೇಳಲು ನಾಚಬೇಡ.

ಈಗ ನೀನು ಮೆಸೇಜಿನ ಕೊನೆಯಲ್ಲಿ ಸಣ್ಣದಾಗಿ ಬರೆದ ವಿಷಯ. ಒಂದು ಪೇಪರ್ ಹೋಯಿತು, 5.0 ಬಂತು, ಅಮ್ಮನಿಗೆ ಹೇಳಬೇಡ ಅಂತ. ನನಗೂ ಮೊದಲ ಸೆಮಿಸ್ಟರಿನಲ್ಲಿ ಒಂದು ಹೋಗಿತ್ತು. 1.0 ಅಂದರೆ ಮೇಲು, 4.0 ಅಂದರೆ ದಡ ಸೇರಿದೆ ಅನ್ನುವ ಲೆಕ್ಕವೇ ತಲೆಗೆ ಹೋಗಿರಲಿಲ್ಲ, ಓದುವ ಕ್ರಮವಂತೂ ದೂರ. ವರ್ಷವೆಲ್ಲ ಯಾರೂ ಕೇಳಲ್ಲ, ಕೊನೆಗೆ ಒಂದೇ ಪರೀಕ್ಷೆ. ಇಂಟರ್ನಲ್ಸ್‌ನಲ್ಲಿ ಇಪ್ಪತ್ತು ಕೂಡಿಟ್ಟುಕೊಂಡು ಬಂದ ನಮ್ಮಂಥವರಿಗೆ ಅದು ಏಟೇ. ಒಂದು ಸಲ ಹೋದದ್ದಕ್ಕೆ ಹೆದರಬೇಡ. ಆದರೆ ಎಷ್ಟು ಸಲ ಬರೆಯಬಹುದು ಅನ್ನುವುದು ನಿನ್ನ ಕೋರ್ಸಿನ ನಿಯಮದಲ್ಲಿದೆ, ಅದನ್ನು ಸೀನಿಯರ್‌ಗಳ ಬಾಯಲ್ಲಿ ಕೇಳಬೇಡ, ಕೂತು ಓದು. ಕೊನೆಯ ಅವಕಾಶವೂ ಕೈಬಿಟ್ಟರೆ ಸೀಟೇ ಹೋಗುವ ಊರು ಅದು. ಹೆಸರು ನೋಂದಾಯಿಸುವ, ಹಿಂದೆಗೆದುಕೊಳ್ಳುವ ತಾರೀಕುಗಳನ್ನು ಆ ಬಣ್ಣದ ಶೀಟಿಗೆ ಸೇರಿಸು. ವರ್ಷಕ್ಕೆ 140 ದಿನ ಕೆಲಸ ಮಾಡಬಹುದು ಅಂತ ಕಾನೂನು ಬಿಟ್ಟಿದೆ, ಪೂರ್ತಿ ಮಾಡಲೇಬೇಕು ಅಂತೇನಿಲ್ಲ. ಈ ಸೆಮಿಸ್ಟರ್ ಆ ಕೆಫೆ ಕೆಲಸದ ಒಂದು ದಿನ ಕಡಿಮೆ ಮಾಡು. ತಿಂಗಳಿಗೆ ಸ್ವಲ್ಪ ನಾನು ಕಳಿಸುತ್ತೇನೆ, ಅದು ಸಾಲ ಅಲ್ಲ, ಅದರ ಬಗ್ಗೆ ಮಾತೂ ಬೇಡ.

ಅಮ್ಮನಿಗೆ ನಾನು ಹೇಳಿಲ್ಲ. ಹೇಳುವುದೂ ಇಲ್ಲ. ಆದರೆ 2009ರಲ್ಲಿ ನಾನೂ ಮನೆಯಲ್ಲಿ ಮುಚ್ಚಿಟ್ಟಿದ್ದೆ. ಭಾನುವಾರ ಕಾಲಿಂಗ್ ಕಾರ್ಡ್ ಹಾಕಿ ಫೋನ್ ಮಾಡಿ, ಎಲ್ಲ ಚೆನ್ನಾಗಿದೆ ಅಂದೆ. ಅಪ್ಪ ನಂಬಿದರು. ಅಕ್ಕ ಫೋನ್ ಇಸಕೊಂಡು ಕೇಳಿದ್ದು ಒಂದೇ ಮಾತು, "ಯಾವ ಸಬ್ಜೆಕ್ಟೋ?" ಅಂತ. ಅವಳೇ ನಿಮ್ಮಮ್ಮ. ಮೊನ್ನೆ ಇಲ್ಲಿಗೆ ಬಂದಾಗ ಹುಳಿಗೆ ಒಗ್ಗರಣೆ ಹಾಕುತ್ತಾ, "ಪುಟ್ಟಿ ಯಾಕೋ ಜಾಸ್ತಿ ನಗ್ತಾ ಮಾತಾಡ್ತಾಳೆ" ಅಂದಳು. ನಾನು ಪೇಪರ್ ಎತ್ತಿಕೊಂಡು ಹೊರಗೆ ಹೋದೆ.

ಈ ಭಾನುವಾರ ಫೋನ್ ಮಾಡು. ನಿನಗೆ ಬೆಳಿಗ್ಗೆ ಏಳೂವರೆ ಅಂದರೆ ಇಲ್ಲಿ ಮಧ್ಯಾಹ್ನ ಹನ್ನೆರಡು, ಅವಳು ದೇವರ ಮನೆ ಕೆಲಸ ಮುಗಿಸಿರುತ್ತಾಳೆ. ಮಾರ್ಚ್ ಕೊನೇ ಭಾನುವಾರ ನಿಮ್ಮ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಆಮೇಲೆ ಎಂಟೂವರೆಗೆ ಮಾಡಿದರೆ ಸಾಕು, ಒಂದು ಗಂಟೆ ಜಾಸ್ತಿ ಮಲಗಬಹುದು.

ಇತಿ,
ನಿನ್ನ ಮಾಮ

ಮರೆತೆ. ಟ್ಯೂಬಿಂಗನ್‌ಗೆ ಹೋದರೆ ನೆಕ್ಕಾರ್ ನದಿ ಸೇತುವೆ ಮೇಲೆ ನಿಂತು ಒಂದು ಫೋಟೋ ಕಳಿಸು. ನೀಲಿ ಜಾಕೆಟ್ ಹಾಕಿಕೊಳ್ಳಬೇಡ.