ಫೆಬ್ರವರಿ 14ರ ನಿಯಮ ಮತ್ತು ಸಂತ ವ್ಯಾಲೆಂಟೈನ್ ಚಾರ್ಟ್ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಒಂಬತ್ತನೇ ತರಗತಿಯ ಗೋಡೆಪತ್ರಿಕೆಯಲ್ಲಿ ಈ ವಾರ ಹಾಕಿರುವ ಸಂತ ವ್ಯಾಲೆಂಟೈನ್ ಚಾರ್ಟಿನ ಫೋಟೊ ನಿಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿದೆ. ಕೆಲವರು ಫೋನ್ ಮಾಡಿದಿರಿ, ಕೆಲವರು ಶಾಲೆಗೇ ಬಂದು ಮಾತಾಡಿದಿರಿ. ಈ ವಯಸ್ಸಿನ ಮಕ್ಕಳಿಗೆ ಪ್ರೇಮದ ಪಾಠ ಯಾಕೆ ಎಂದು ಒಬ್ಬರು ಕೇಳಿದರೆ, ಶಾಲೆಯಲ್ಲಿ ಮತಪ್ರಚಾರ ಶುರುವಾಯಿತೇ ಎಂದು ಇನ್ನೊಬ್ಬರು ಕೇಳಿದರು. ಕ್ರೈಸ್ತ ಮನೆಯವರ ನೋವು ಬೇರೆಯದೇ. ಚಾರ್ಟಿನಲ್ಲಿ ‘ಆಧಾರ ಸಿಕ್ಕಿಲ್ಲ’ ಎಂದು ಬರೆದಿದ್ದೀರಲ್ಲ, ನಮ್ಮ ಸಂತರೇ ಸುಳ್ಳು ಎನ್ನುತ್ತೀರಾ ಎಂದು ಅವರು ಕೇಳಿದರು. ಎಲ್ಲರ ಮಾತನ್ನೂ ಸಮಾಧಾನದಿಂದ ಕೇಳಿಸಿಕೊಂಡಿದ್ದೇವೆ. ಚಾರ್ಟನ್ನು ಮಾತ್ರ ತೆಗೆಯುವುದಿಲ್ಲ. ಯಾಕೆಂದು ಬಿಡಿಸಿ ಹೇಳುವ ಜವಾಬ್ದಾರಿ ನಮ್ಮದು.

ಮೊದಲು ಹೊಸ ನಿಯಮದ ವಿಷಯ. ಈ ವರ್ಷದಿಂದ ಫೆಬ್ರವರಿ 14ರಂದು ಶಾಲೆಯ ಆವರಣದಲ್ಲಿ ಗ್ರೀಟಿಂಗ್ ಕಾರ್ಡು, ಗುಲಾಬಿ, ಚಾಕೊಲೇಟ್ ಕೊಡುವಂತಿಲ್ಲ, ತೆಗೆದುಕೊಳ್ಳುವಂತಿಲ್ಲ. ಇಡೀ ತರಗತಿ ನೋಡುತ್ತಿರುವಾಗ ಎದುರಿಗೆ ಚಾಚಿದ ಹೂವನ್ನು ಬೇಡ ಎನ್ನುವುದು ಹದಿನಾಲ್ಕು ವರ್ಷದ ಹುಡುಗಿಗೆ ಸುಲಭವಲ್ಲ. ತೆಗೆದುಕೊಂಡರೂ ಬಿಟ್ಟರೂ ಬೆಂಚಿನ ಮೇಲೆ ಅವಳ ಹೆಸರು ಕೆತ್ತಿರುತ್ತಾರೆ. ಇದಕ್ಕೆ ನಿಮ್ಮ ಒಪ್ಪಿಗೆ ಇದೆ ಎಂದೇ ಭಾವಿಸಿದ್ದೇನೆ.

ಆದರೆ ಹೂವನ್ನೇ ಬೇಡ ಎಂದವರು ಪಾಠವನ್ನು ಯಾಕೆ ಇಟ್ಟುಕೊಂಡಿರಿ ಎಂದು ಹಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಈ ದಿನದ ಬಗ್ಗೆ ನಾವು ಬಾಯಿ ಬಿಡದಿದ್ದರೂ ಮಕ್ಕಳಿಗೆ ಅದು ಗೊತ್ತು. ಮೊಬೈಲಿನ ಜಾಹೀರಾತು, ಬೇಕರಿಯ ಹೃದಯದಾಕಾರದ ಕೇಕು ಫೆಬ್ರವರಿ ಹುಟ್ಟುತ್ತಲೇ ಹೇಳಿಕೊಟ್ಟಿರುತ್ತವೆ. ಅವು ಹೇಳದೆ ಬಿಡುವುದು ಒಂದೇ ಸಂಗತಿ, ಆ ಹೆಸರು ಯಾರದು ಎಂಬುದು. ಒಂಬತ್ತನೇ ತರಗತಿಯವರು ಸಮಾಜ ವಿಜ್ಞಾನದಲ್ಲಿ ಕ್ರೈಸ್ತ ಧರ್ಮ ಬೆಳೆದ ಬಗೆಯನ್ನು ಓದುತ್ತಾರೆ. ಅದರ ಜೊತೆಗೇ ಈ ಒಂದು ಪೀರಿಯಡ್, ನಲವತ್ತು ನಿಮಿಷ.

ಚಾರ್ಟಿನಲ್ಲಿ ನಾಲ್ಕು ಕಾಲಂ ಇವೆ. ಯಾವ ಬರಹ ಅಥವಾ ಕಟ್ಟಡ, ಯಾವ ಕಾಲದ್ದು, ಏನು ಹೇಳುತ್ತದೆ, ಸಂತರ ಮರಣವಾಗಿ ಎಷ್ಟು ವರ್ಷದ ನಂತರದ್ದು. ಮಕ್ಕಳು ಕೈಯಲ್ಲೇ ಕಳೆದು ಬರೆಯುವ ಈ ನಾಲ್ಕನೇ ಕಾಲಮ್ಮೇ ಪಾಠದ ಜೀವ.

ಸಂಪ್ರದಾಯದ ಪ್ರಕಾರ ವ್ಯಾಲೆಂಟೈನ್ ರೋಮ್ ನಗರದ ಒಬ್ಬ ಪಾದ್ರಿ. ಎರಡನೇ ಕ್ಲಾಡಿಯಸ್ ಚಕ್ರವರ್ತಿಯ ಆಳ್ವಿಕೆಯಲ್ಲಿ, ಎಂದರೆ 268ರಿಂದ 270ರ ನಡುವೆ, ನಂಬಿಕೆ ಬಿಡಲು ಒಪ್ಪದ್ದಕ್ಕೆ ಅವರ ತಲೆ ಕಡಿದರು. ಊರಿನಿಂದ ಉತ್ತರಕ್ಕೆ ಹೋಗುವ ಫ್ಲಾಮಿನಿಯಾ ರಸ್ತೆಯ ಬದಿಯಲ್ಲಿ ಸಮಾಧಿಯಾಯಿತು. ಟೆರ್ನಿ ಪಟ್ಟಣದ ಬಿಷಪ್ ಒಬ್ಬರಿಗೂ ಇದೇ ಹೆಸರು, ಇದೇ ಮರಣ. ಇಬ್ಬರೋ ಒಬ್ಬರೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಇದೆ. 337ರಿಂದ 352ರವರೆಗೆ ಪೋಪ್ ಆಗಿದ್ದ ಮೊದಲನೇ ಜೂಲಿಯಸ್ ಆ ರಸ್ತೆಯ ಬದಿಯಲ್ಲೇ ಇವರ ಹೆಸರಿನ ಚರ್ಚ್ ಕಟ್ಟಿಸಿದರು ಎಂಬ ಉಲ್ಲೇಖವಿದೆ. ನಾಲ್ಕನೇ ಕಾಲಮ್ಮಿನಲ್ಲಿ ನೂರು ವರ್ಷಕ್ಕೂ ಕಡಿಮೆ ಅಂತರ ಬರುವುದು ಈ ಸಾಲಿಗೆ ಮಾತ್ರ. ಸಂತರನ್ನು ನೆನೆದು ಜನ ಅಲ್ಲಿಗೆ ಹೋಗುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಅವರ ಕಥೆ ಬರಹಕ್ಕಿಳಿದದ್ದು ಇನ್ನೂ ಮುಂದೆ, 5 ಅಥವಾ 6ನೇ ಶತಮಾನದಲ್ಲಿ. ನ್ಯಾಯಾಧಿಕಾರಿಯ ಮನೆಯ ಕುರುಡು ಹುಡುಗಿಗೆ ವ್ಯಾಲೆಂಟೈನ್ ದೃಷ್ಟಿ ಬರಿಸಿದರು, ಮನೆಯವರೆಲ್ಲ ದೀಕ್ಷಾಸ್ನಾನ ಪಡೆದರು ಎಂದು ಅದರಲ್ಲಿದೆ. ಪ್ರೇಮಿಗಳ ಸುದ್ದಿಯೇ ಇಲ್ಲ. 13ನೇ ಶತಮಾನದಲ್ಲಿ ಯುರೋಪಿನ ತುಂಬ ಓದುತ್ತಿದ್ದ ಸಂತರ ಚರಿತ್ರೆಯಲ್ಲೂ ಇಲ್ಲ. ಪ್ರೇಮ ಬಂದು ಸೇರಿಕೊಳ್ಳುವುದು 1380ರ ದಶಕದಲ್ಲಿ, ಇಂಗ್ಲೆಂಡಿನ ಕವಿ ಚಾಸರ್‌ನಿಂದ. ಸಂತ ವ್ಯಾಲೆಂಟೈನ್ ದಿನ ಹಕ್ಕಿಗಳು ಜೋಡಿ ಆರಿಸಿಕೊಳ್ಳುತ್ತವೆ ಎಂದು ಆತ ಹಾಡಿದ. ಅಂತರದ ಕಾಲಮ್ಮಿನಲ್ಲಿ ಮಕ್ಕಳು ಸುಮಾರು 1,100 ವರ್ಷ ಎಂದು ಬರೆಯುತ್ತಾರೆ.

ಮುಂದಿನ ಸಾಲನ್ನು ನೀವೂ ಓದಬೇಕು. ಇಂಗ್ಲಿಷಿನಲ್ಲಿ ಪ್ರಿಯಕರನನ್ನು ವ್ಯಾಲೆಂಟೈನ್ ಎಂದು ಕರೆದ, ನಮಗೆ ಉಳಿದಿರುವ ಅತಿ ಹಳೆಯ ಪತ್ರ 1477ರ ಫೆಬ್ರವರಿಯದು. ಮಾರ್ಜರಿ ಬ್ರೂಸ್ ಎಂಬ ಹುಡುಗಿ ಜಾನ್ ಪ್ಯಾಸ್ಟನ್‌ಗೆ ಬರೆದದ್ದು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಪತ್ರದ ವಿಷಯ ವರದಕ್ಷಿಣೆ! ಅಮ್ಮ ಎಷ್ಟು ಹೇಳಿದರೂ ಅಪ್ಪ ಇನ್ನು ಹೆಚ್ಚು ಕೊಡಲು ಒಪ್ಪುತ್ತಿಲ್ಲ, ನನ್ನ ಮೇಲೆ ಪ್ರೀತಿ ಇದ್ದರೆ ಇದೊಂದಕ್ಕಾಗಿ ಕೈಬಿಡಬೇಡ ಎಂದು ಕೇಳಿಕೊಳ್ಳುತ್ತಾಳೆ. ಹುಡುಗಿಯ ತಾಯಿಯೇ ಆ ಹುಡುಗನಿಗೆ ಬೇರೆ ಪತ್ರ ಬರೆದು, ವ್ಯಾಲೆಂಟೈನ್ ದಿನದ ಹೊತ್ತಿಗೆ ಬಾ, ಅಪ್ಪನ ಹತ್ತಿರ ಮಾತಾಡು ಎಂದು ಕರೆಸಿದ್ದಳು. ಅದೇ ವರ್ಷ ಮದುವೆಯೂ ಆಯಿತು. ಹಿರಿಯರ ಕಣ್ಣು ತಪ್ಪಿಸಿ ಆಚರಿಸಿದ ದಿನ ಅದಾಗಿರಲಿಲ್ಲ ಎಂಬುದನ್ನು ಮಕ್ಕಳು ಇಲ್ಲಿ ಬೆರಗಿನಿಂದ ಗಮನಿಸುತ್ತಾರೆ.

ಚಾರ್ಟ್ ಮಾಡುವಾಗ ಮಕ್ಕಳು ಎಡವುವ ಜಾಗವೂ ಒಂದಿದೆ. ಸೈನಿಕರ ಮದುವೆಯನ್ನು ಚಕ್ರವರ್ತಿ ನಿಷೇಧಿಸಿದ, ವ್ಯಾಲೆಂಟೈನ್ ಗುಟ್ಟಾಗಿ ಮದುವೆ ಮಾಡಿಸಿದರು, ಸಾಯುವ ಮುನ್ನ ‘ನಿನ್ನ ವ್ಯಾಲೆಂಟೈನ್’ ಎಂದು ಚೀಟಿ ಬರೆದರು ಎಂದು ಇಂಟರ್ನೆಟ್ಟಿನಲ್ಲಿ ಓದಿದ್ದನ್ನು ಮೊದಲ ಸಾಲಿನಲ್ಲೇ ಇಳಿಸಿಬಿಡುತ್ತಾರೆ. ಯಾರು ಬರೆದದ್ದು, ಯಾವ ಕಾಲದ್ದು ಎಂದು ಶಿಕ್ಷಕರು ಕೇಳಿದಾಗ ಉಳಿದ ಕಾಲಂಗಳು ಖಾಲಿ. ಮದುವೆ ನಿಷೇಧಿಸಿದ ಆಜ್ಞೆ ಯಾವ ರೋಮನ್ ದಾಖಲೆಯಲ್ಲೂ ಇಲ್ಲ. ಚೀಟಿ ಬಹಳ ಈಚಿನ ಸೇರ್ಪಡೆ. ‘ಆಧಾರ ಸಿಕ್ಕಿಲ್ಲ’ ಎಂದು ಬರೆದಿರುವುದು ಈ ಸಾಲಿನ ಎದುರು, ಸಂತರ ಹೆಸರಿನ ಎದುರು ಅಲ್ಲ. ಫೋಟೊದಲ್ಲಿ ಅದು ಸ್ಪಷ್ಟವಾಗಿ ಕಾಣುವುದಿಲ್ಲ. ‘ಗುಟ್ಟಿನ ಮದುವೆಯ ಕಥೆಗೆ ಹಳೆಯ ಆಧಾರ ಸಿಕ್ಕಿಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಮತ್ತೆ ಬರೆಸುತ್ತಿದ್ದೇವೆ.

ಕ್ರೈಸ್ತ ಪೋಷಕರಲ್ಲಿ ಇನ್ನೊಂದು ಮಾತು. 1969ರಲ್ಲಿ ಕ್ಯಾಥೋಲಿಕ್ ಧರ್ಮಸಭೆ ತನ್ನ ಪಂಚಾಂಗವನ್ನು ಪರಿಷ್ಕರಿಸಿದಾಗ, ಹೆಸರು ಮತ್ತು ಸಮಾಧಿಯ ಜಾಗ ಬಿಟ್ಟು ಖಚಿತವಾಗಿ ಹೆಚ್ಚು ತಿಳಿದಿಲ್ಲ ಎಂಬ ಕಾರಣಕ್ಕೇ ಸಂತ ವ್ಯಾಲೆಂಟೈನ್ ಸ್ಮರಣೆಯನ್ನು ಎಲ್ಲೆಡೆ ಆಚರಿಸುವ ದಿನಗಳ ಸಾಮಾನ್ಯ ಪಟ್ಟಿಯಿಂದ ಕೈಬಿಟ್ಟಿತು. ರಕ್ತಸಾಕ್ಷಿಗಳ, ಎಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವರ, ಪಟ್ಟಿಯಲ್ಲಿ ಮಾತ್ರ ಹೆಸರು ಹಾಗೆಯೇ ಇದೆ. ಅವರು ಇಂದಿಗೂ ಸಂತರೇ. ಈಗ 14ರಂದು ಸ್ಮರಿಸುವುದು ಸ್ಲಾವ್ ಜನರಿಗೆ ಲಿಪಿ ಕೊಟ್ಟ ಸಿರಿಲ್ ಮತ್ತು ಮೆಥೋಡಿಯಸ್ ಸಹೋದರರನ್ನು. ಸಿರಿಲ್ ತೀರಿಕೊಂಡದ್ದು 869ರ ಫೆಬ್ರವರಿ 14ರಂದು, ರೋಮ್‌ನಲ್ಲೇ. ಅಕ್ಷರ ಕೊಟ್ಟವರ ದಿನ ಎಂಬುದು ಶಾಲೆಯವರಾದ ನಮಗೆ ಪ್ರಿಯವಾದ ಸಂಗತಿ. ಒಟ್ಟಿನಲ್ಲಿ, ಧರ್ಮಸಭೆ ಅಷ್ಟು ಪ್ರಾಮಾಣಿಕವಾಗಿ ಮಾಡಿದ ಕೆಲಸವನ್ನೇ ನಿಮ್ಮ ಮಕ್ಕಳೂ ಮಾಡಿದ್ದಾರೆ. ಅದರಲ್ಲಿ ಅಗೌರವ ಇಲ್ಲ, ದಯವಿಟ್ಟು ನಂಬಿ.

ಮತಪ್ರಚಾರದ ಆತಂಕ ಇರುವವರಿಗೂ ಅಷ್ಟೇ ಪ್ರೀತಿಯಿಂದ ಹೇಳುತ್ತೇನೆ. ಪಾಠದಲ್ಲಿ ಪ್ರಾರ್ಥನೆ ಇಲ್ಲ, ಹಾಡಿಲ್ಲ, ಅಂಕವೂ ಇಲ್ಲ. ಕ್ರೈಸ್ತರು ಸಂತರನ್ನು ಸಾಮಾನ್ಯವಾಗಿ ಅವರು ತೀರಿಕೊಂಡ ದಿನವೇ ನೆನೆಯುತ್ತಾರೆ, ಮಂತ್ರಾಲಯದ ರಾಯರ ಆರಾಧನೆ ಅವರು ಬೃಂದಾವನ ಪ್ರವೇಶಿಸಿದ ದಿನ ನಡೆಯುವ ಹಾಗೆ. ರಕ್ತಸಾಕ್ಷಿಯ ದಿನ ಬಲಿಪೂಜೆಯಲ್ಲಿ, ಎಂದರೆ ಚರ್ಚಿನ ಆರಾಧನೆಯಲ್ಲಿ, ಪಾದ್ರಿಯ ಉಡುಪು ಕೆಂಪು, ಅದು ಚೆಲ್ಲಿದ ರಕ್ತದ ಗುರುತು. ಇನ್ನೊಬ್ಬರಿಗಾಗಿ ಪ್ರಾಣ ಕೊಡುವುದಕ್ಕಿಂತ ದೊಡ್ಡ ಪ್ರೀತಿ ಇಲ್ಲ ಎಂಬ ಯೋಹಾನನ ಸುವಾರ್ತೆಯ ಮಾತಿಗೆ ಈ ದಿನ ಹತ್ತಿರವಾದದ್ದು. 2018ರಲ್ಲಿ, ಮತ್ತೆ 2024ರಲ್ಲಿ, ಫೆಬ್ರವರಿ 14 ಬೂದಿ ಬುಧವಾರವೇ ಆಗಿತ್ತು, ಎಂದರೆ ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲ ಶುರುವಾಗುವ ದಿನ. ಕ್ಯಾಥೋಲಿಕ್ ಮನೆಗಳಲ್ಲಿ ಅಂದು ಉಪವಾಸ. ಪಕ್ಕದ ಬೆಂಚಿನ ಗೆಳೆಯನ ಮನೆಯಲ್ಲಿ ಈ ದಿನಕ್ಕೆ ಏನರ್ಥ ಎಂದು ಮಗು ತಿಳಿದುಕೊಂಡರೆ ಮನೆಯ ನಂಬಿಕೆಗೆ ಕುಂದಿಲ್ಲ. ಹಾಗಾಗಿ ಪಾಠದ ಹೊತ್ತಿನಲ್ಲಿ ನಮ್ಮ ಮಗುವನ್ನು ಹೊರಗೆ ಕೂರಿಸಿ ಎಂಬ ಕೋರಿಕೆಯನ್ನು ಒಪ್ಪಲು ಆಗುತ್ತಿಲ್ಲ. ನೀವೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬಹುದು, ಸಂತೋಷದಿಂದ ಬರಮಾಡಿಕೊಳ್ಳುತ್ತೇವೆ.

ಇದೇ ನಾಲ್ಕು ಕಾಲಂಗಳಲ್ಲಿ ಮಕ್ಕಳು ಇನ್ನೊಂದು ಫಾರ್ವರ್ಡನ್ನೂ ಪರೀಕ್ಷಿಸಿದರು. ಭಗತ್ ಸಿಂಗ್ ಅವರನ್ನು ಗಲ್ಲಿಗೇರಿಸಿದ್ದು ಫೆಬ್ರವರಿ 14ರಂದು ಎಂಬ ಸಂದೇಶ ವರ್ಷವರ್ಷವೂ ಬರುತ್ತದೆ, ನಮ್ಮ ಪೋಷಕರ ಗುಂಪಿಗೂ ಬಂದಿದೆ. ಶಿಕ್ಷೆ ಪ್ರಕಟವಾದದ್ದು 1930ರ ಅಕ್ಟೋಬರ್ 7ರಂದು, ಗಲ್ಲಿಗೇರಿಸಿದ್ದು 1931ರ ಮಾರ್ಚ್ 23ರಂದು, ಲಾಹೋರಿನಲ್ಲಿ. ಇದನ್ನು ಹುಡುಕಿ ತೆಗೆದದ್ದು ಮಕ್ಕಳೇ. ಇಂಥ ಪಾಠವನ್ನು ನಿಲ್ಲಿಸಿ ಎಂದರೆ ಹೇಗೆ ನಿಲ್ಲಿಸಲಿ? ನಿಲ್ಲಿಸುವುದಿಲ್ಲ. ನಿಮ್ಮ ಮನಸ್ಸಿಗೆ ನೋವಾಗಬಾರದು ಎಂದೇ ಇಷ್ಟು ಉದ್ದ ಬರೆದಿದ್ದೇನೆ.

14ರ ಬೆಳಿಗ್ಗೆ ಮಗುವಿನ ಬ್ಯಾಗನ್ನು ಒಮ್ಮೆ ನೋಡಿ ಕಳಿಸಿ.

ಚಾರ್ಟ್ ಈ ತಿಂಗಳ ಕೊನೆಯವರೆಗೂ ಗೋಡೆಯ ಮೇಲಿರುತ್ತದೆ. ಸಂಜೆ 3.30ರಿಂದ 4.30ರವರೆಗೆ ಬಂದು ನೋಡಬಹುದು. ಸಮಾಜ ವಿಜ್ಞಾನದ ಶಿಕ್ಷಕರೂ ಆ ಹೊತ್ತಿನಲ್ಲಿ ಸಿಗುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ